ಮಂಚಾಲೆಯ ಇನಾಂನಿಂದ ಇಪ್ಪತ್ತೈದನೇ ವಿಧಿಯವರೆಗೆ

ಅಮೆರಿಕದಲ್ಲಿ ಜನವರಿ 16 ಧಾರ್ಮಿಕ ಸ್ವಾತಂತ್ರ್ಯ ದಿನ. 1786ರಲ್ಲಿ ವರ್ಜೀನಿಯಾದ ಶಾಸನಸಭೆ ಥಾಮಸ್ ಜೆಫರ್ಸನ್ ಬರೆದ ಮಸೂದೆಯನ್ನು ಒಪ್ಪಿದ ದಿನವದು. ನಮ್ಮಲ್ಲಿ ಆ ಹೆಸರಿನ ರಾಷ್ಟ್ರೀಯ ದಿನವಿಲ್ಲ. ಇದ್ದಿದ್ದರೆ ಶ್ರಾವಣ ಬಹುಳ ಬಿದಿಗೆಯನ್ನೇ ನಾನು ಆರಿಸುತ್ತಿದ್ದೆ. ಅಂದು ಮಂತ್ರಾಲಯದಲ್ಲಿ ರಾಯರ ಮಧ್ಯಾರಾಧನೆ.

1671ರ ಆ ತಿಥಿಯಂದು ರಾಘವೇಂದ್ರ ಸ್ವಾಮಿಗಳು ಬೃಂದಾವನಸ್ಥರಾದದ್ದು ತುಂಗಭದ್ರೆಯ ದಡದ ಮಂಚಾಲೆಯಲ್ಲಿ, ಅಂದರೆ ಇಂದಿನ ಮಂತ್ರಾಲಯದಲ್ಲಿ. ಆ ಊರನ್ನು ಮಠಕ್ಕೆ ಇನಾಂ ಕೊಟ್ಟವನು ಬಿಜಾಪುರದ ಆದಿಲ್‌ಶಾಹಿಗಳ ಕೈಕೆಳಗೆ ಆದೋನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್. ಈ ನವಾಬ ಪರೀಕ್ಷಿಸಲೆಂದು ತಟ್ಟೆಯಲ್ಲಿ ಮಾಂಸ ಮುಚ್ಚಿ ತಂದ, ಪ್ರೋಕ್ಷಣೆಯಾದೊಡನೆ ಅದು ಹಣ್ಣಾಯಿತು ಎಂದು ಭಕ್ತರು ಹೇಳುತ್ತಾರೆ. ಪವಾಡವನ್ನು ನಂಬುವವರು ನಂಬಲಿ. ಆಫ್ರಿಕಾ ಮೂಲದ ಮುಸ್ಲಿಂ ಸರದಾರನೊಬ್ಬ ಮಾಧ್ವ ಯತಿಗೆ ನೆಲ ಬಿಟ್ಟುಕೊಟ್ಟ ಎಂಬ ಮಾತೇ ನನಗೆ ದೊಡ್ಡದು. ಆದೋನಿಯ ಶಾಹಿ ಜಾಮಿಯಾ ಮಸೀದಿಯೂ ಅವನ ಕಾಲದ್ದೇ.

ಆಳುವವರು ಬದಲಾದರು. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಇನಾಂ ಜಮೀನು ಹಿಂಪಡೆಯುವ ವಿಚಾರಣೆಗೆ ಬಂದ ಅವನು ಟೋಪಿ, ಬೂಟು ಕಳಚಿ ಬೃಂದಾವನದ ಮುಂದೆ ನಿಂತ, ರಾಯರು ಅವನೊಡನೆ ಮಾತನಾಡಿದರು, ಮಂತ್ರಾಕ್ಷತೆ ಕೊಟ್ಟರು, ಇನಾಂ ಉಳಿಯಿತು ಎಂಬುದು ಮಠದ ಪರಂಪರೆಯ ಕಥೆ. ಈ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟವರೂ ಇದ್ದರು. 1827ರಲ್ಲಿ ಮದ್ರಾಸ್ ಗವರ್ನರ್ ಆಗಿದ್ದಾಗ ಅವನು ಕಾಲರಾದಿಂದ ಸತ್ತದ್ದೂ ಇಲ್ಲಿನ ಪತ್ತಿಕೊಂಡದಲ್ಲೇ.

ಆದರೂ ಇವೆಲ್ಲ ಕೃಪೆ. ನವಾಬ ಒಲಿದರೆ ಉಂಟು, ಕಲೆಕ್ಟರ್ ಮುನಿದರೆ ಇಲ್ಲ. ಅದು ಹಕ್ಕಾದದ್ದು 1950ರ ಜನವರಿ 26ರಂದು. ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರಿಗೂ ತನ್ನ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಟ್ಟಿತು. 26ನೇ ವಿಧಿ ಧಾರ್ಮಿಕ ಪಂಗಡಗಳಿಗೆ ತಮ್ಮ ಧರ್ಮದ ವ್ಯವಹಾರ ನೋಡಿಕೊಳ್ಳುವ ಅಧಿಕಾರ ಕೊಟ್ಟಿತು. ಎರಡಕ್ಕೂ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದ ಮಿತಿ ಇದೆ.

ಈ ವಿಧಿಗಳ ಅರ್ಥವನ್ನು ಸುಪ್ರೀಂ ಕೋರ್ಟು ವಿಸ್ತಾರವಾಗಿ ಬಿಡಿಸಿದ್ದು 1954ರಲ್ಲಿ. ಅದೂ ಮದ್ರಾಸ್ ಸರ್ಕಾರದ ಧರ್ಮಾದಾಯ ಕಮಿಷನರ್ ವಿರುದ್ಧ ಹೋರಾಡಿದ ಇನ್ನೊಂದು ಮಾಧ್ವ ಮಠದ, ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ. ಧರ್ಮಕ್ಕೆ ಅತ್ಯಗತ್ಯವಾದ ಆಚರಣೆ ಯಾವುದೆಂಬುದನ್ನು ಆ ಧರ್ಮದ ತತ್ವಗಳಿಂದಲೇ ತಿಳಿಯಬೇಕು, ಆಸ್ತಿಯ ಆಡಳಿತವನ್ನಾದರೆ ಕಾನೂನು ನಿಯಂತ್ರಿಸಬಹುದು ಎಂದಿತು ಪೀಠ. ತೀರ್ಪು ಬರುವಷ್ಟರಲ್ಲಿ ಮಂತ್ರಾಲಯವಿರುವ ಆದೋನಿ ಸೀಮೆ ಬಳ್ಳಾರಿ ಜಿಲ್ಲೆಯಿಂದ ಕಳಚಿ ಆಂಧ್ರ ಸೇರಿತ್ತು. ಕನ್ನಡದ ಭಕ್ತರು ಮಾತ್ರ ಇಂದಿಗೂ ಹೊಳೆ ದಾಟಿ ಆರಾಧನೆಗೆ ಬರುತ್ತಾರೆ.