ಹುಳಿ ಸೇರಿದರೆ ಲೋಹ ಬಿಡುತ್ತದೆ: ಕಡಲ ಕೆಸರು, ನಮ್ಮ ಹೊಲ

ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಇಡಬಾರದೆಂದು ನಮ್ಮ ಮನೆಗಳ ಹಿರಿಯ ಹೆಂಗಸರು ಹೇಳುತ್ತ ಬಂದಿದ್ದಾರೆ. ಅದೇ ಪಾತ್ರೆಯಲ್ಲಿ ನೀರಿಟ್ಟರೆ ಚಿಂತೆಯಿಲ್ಲ. ಮಜ್ಜಿಗೆಯಾದರೆ ಕಿಲುಬು ಬಿಟ್ಟುಕೊಂಡು ಕುಡಿದವರಿಗೆ ವಾಂತಿ. ಪಾತ್ರೆ ಬದಲಾಗಲಿಲ್ಲ, ಹುಳಿ ಸೇರಿದ್ದರಿಂದ ಲೋಹ ಕರಗಿತು, ಅಷ್ಟೆ. ಕಡಲ ತಡಿಯ ಕೆಸರಿನ ವಿಷಯದಲ್ಲಿ ವಿಜ್ಞಾನಿಗಳನ್ನು ಕಾಡುತ್ತಿರುವುದೂ ಇದೇ ಸಂಗತಿ. ಸೇಡಂ, ಚಿತ್ತಾಪುರದ ರೈತನಿಗೆ ಕಡಲಿನ ಗೊಡವೆ ಏಕೆ ಎನ್ನುವವರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಪಟ್ಟಣ, ಕಾರ್ಖಾನೆ, ಬಂದರುಗಳಿಂದ ಹರಿದು ಬರುವ ಸೀಸ, ಸತು, ತಾಮ್ರ, ಕ್ಯಾಡ್ಮಿಯಂ ನೀರಿನಲ್ಲಿ ಹೆಚ್ಚು ಕಾಲ ನಿಲ್ಲುವುದಿಲ್ಲ. ಬಹುಪಾಲು ಹೂಳಿನ ಕಣಗಳಿಗೆ ಅಂಟಿ, ನದಿಯು ಕಡಲು ಸೇರುವ ಅಳಿವೆಯಲ್ಲಿ ತಳಕ್ಕೆ ಕೂರುತ್ತದೆ. ಅಲ್ಲಿ ಕೆಲವಂಶ ಸುಣ್ಣಕ್ಕೆ, ಕೆಲವಂಶ ಕಬ್ಬಿಣದ ತುಕ್ಕಿಗೆ, ಕೊಳೆತ ಕಸಕ್ಕೆ, ಗಾಳಿಯಾಡದ ಕರಿ ಕೆಸರಿನಲ್ಲಿ ಗಂಧಕಕ್ಕೆ ಕಟ್ಟುಬೀಳುತ್ತದೆ. ಹೀಗೆ ಕಟ್ಟುಬಿದ್ದ ಲೋಹ ಜೀವಿಗಳ ಮೈಗೆ ಸುಲಭವಾಗಿ ಹತ್ತುವುದಿಲ್ಲ. ನೀರು ಹುಳಿಯತ್ತ ಸರಿದಂತೆ ಮೊದಲು ಸಡಿಲವಾಗುವುದು ಸುಣ್ಣದ ಕಟ್ಟು. ಗಂಧಕದ ಕಟ್ಟು ಬಿಚ್ಚುವ ಬಗೆ ಬೇರೆ: ಬಂದರಿನ ಹೂಳೆತ್ತುವಾಗ ಕೆಸರು ಕದಡಿ ಆಮ್ಲಜನಕ ತಗುಲಿದರೆ ಅದು ಬಿಡುತ್ತದೆ. ಬಿಟ್ಟ ಲೋಹ ಕೆಸರಿನ ಹುಳುವಿಗೆ, ಚಿಪ್ಪಿನ ಜೀವಿಗೆ, ಕೊನೆಗೆ ಊಟದ ತಟ್ಟೆಗೆ ಬರಬಹುದು. ಅಘನಾಶಿನಿಯಂಥ ಅಳಿವೆಗಳಲ್ಲಿ ಬಳಚು ಆರಿಸಿ ಮಾರಿ ಬದುಕುವ ಅನೇಕ ಕುಟುಂಬಗಳಿವೆ. ಅಳಿವೆಯ ಕೆಸರು ಶುದ್ಧವಾಗಿದ್ದರಷ್ಟೇ ಅವರ ಬದುಕು.

ಕಡಲು ಹುಳಿಯತ್ತ ಸರಿಯುವುದಾದರೂ ಏಕೆ? ಮನುಷ್ಯ ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಅದು ಹೀರಿಕೊಳ್ಳುತ್ತದೆ. ಯಂತ್ರಯುಗಕ್ಕೆ ಮೊದಲು ಮೇಲ್ನೀರಿನ ರಸಸಾರ ಸುಮಾರು 8.2 ಇತ್ತು, ಈಗ ಸುಮಾರು 8.1. ಇಷ್ಟೇನೇ ಎನ್ನಬೇಡಿ. ಈ ಅಳತೆಯಲ್ಲಿ ಒಂದಂಕಿ ಇಳಿದರೆ ಹುಳಿ ಹತ್ತುಪಟ್ಟು, 0.1 ಇಳಿದರೂ ಕಾಲುಭಾಗ ಹೆಚ್ಚಿದಂತೆ. ಹಾಗೆಂದು ಕಡಲ ನೀರು ನಿಂಬೆರಸವಾಗಿಲ್ಲ, ಈಗಲೂ ಅದು ಕ್ಷಾರವೇ. ತೀರದಲ್ಲಿ ಮಾತ್ರ ಇನ್ನೊಂದು ಕಾರಣ ಸೇರುತ್ತದೆ. ಚರಂಡಿಯ ಕೊಳೆ ಮತ್ತು ಹೊಲಗಳಿಂದ ಕೊಚ್ಚಿಹೋದ ಗೊಬ್ಬರ ತಿಂದು ಪಾಚಿ ಬೆಳೆದು ಕೊಳೆತಾಗ ಅಲ್ಲಿಯ ನೀರು ಮತ್ತಷ್ಟು ಹುಳಿಯಾಗುತ್ತದೆ. ಕಾಗಿಣಾದ ನೀರು ಭೀಮೆಗೆ, ಭೀಮೆಯದು ಕೃಷ್ಣೆಗೆ, ಕೃಷ್ಣೆಯದು ಬಂಗಾಳ ಕೊಲ್ಲಿಗೆ.

ನಮ್ಮ ಪಾಲು ಅಷ್ಟಕ್ಕೇ ಮುಗಿಯುವುದಿಲ್ಲ. ಮನೆಗೆ ಹಾಸುವ ಶಹಾಬಾದ್ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದಲ್ಲಿ ಕೂತ ಸುಣ್ಣದ ಕೆಸರು. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ ಸುಣ್ಣ 56 ಕಿಲೋ, ಗಾಳಿಗೆ ಹೋಗುವ ಇಂಗಾಲದ ಡೈಆಕ್ಸೈಡ್ 44 ಕಿಲೋ. ಕಲ್ಲಿದ್ದಲಿನ ಹೊಗೆ ಬೇರೆ. ವಾಡಿ, ಸೇಡಂ, ಮಳಖೇಡದ ಸಿಮೆಂಟು ಇದೇ ಕಲ್ಲಿನದು. ಹಳೆಯ ಕಡಲು ಕಟ್ಟಿಟ್ಟದ್ದನ್ನು ಬಿಚ್ಚಿ ಇಂದಿನ ಕಡಲಿಗೆ ಕಳಿಸುತ್ತಿದ್ದೇವೆ. ಸಿಮೆಂಟು ಬೇಡವೆಂದು ನಾನು ಹೇಳಲಾರೆ, ನನ್ನ ಮನೆಯೂ ಅದರದ್ದೇ.

ಇನ್ನು ಹೊಲಕ್ಕೆ ಬರೋಣ. ನಮ್ಮ ಸುಣ್ಣದ ಎರೆಭೂಮಿಯ ರಸಸಾರ ಸಾಮಾನ್ಯವಾಗಿ 8ರ ಮೇಲೆ. ಲೋಹ ಇಲ್ಲಿ ಬಿಗಿಯಾಗಿ ಕಟ್ಟುಬೀಳುತ್ತದೆ. ಇದರಿಂದ ನಷ್ಟವೂ ಉಂಟು: ಮಣ್ಣಿನಲ್ಲಿ ಸತು ಇದ್ದರೂ ತೊಗರಿಗೆ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಕೊರತೆ ಕಂಡರೆ ಸತುವಿನ ಸಲ್ಫೇಟ್ ಹಾಕಬೇಕು. ಡಿಎಪಿ ಜೊತೆ ಬೆರೆಸಿ ಹಾಕಿದರೆ ರಂಜಕ ಅದನ್ನು ಮತ್ತೆ ಕಟ್ಟಿಹಾಕುತ್ತದೆ. ಲಾಭವೆಂದರೆ ಸೀಸದಂಥ ವಿಷವೂ ಹಾಗೆಯೇ ಕಟ್ಟುಬೀಳುವುದು.

ಈ ಧೈರ್ಯದ ಮೇಲೆ ನಾನೊಮ್ಮೆ ತಪ್ಪಿದ್ದೇನೆ. ಚಿಂಚೋಳಿ ಕಡೆಯ ರೈತರೊಬ್ಬರಿಗೆ ಬೇಸಿಗೆಯಲ್ಲಿ ಹೂಳು ಹೊಡೆಸಿರೆಂದು ಹೇಳಿಬಂದೆ, ಎಲ್ಲಿಯ ಹೂಳೆಂದು ಕೇಳಲಿಲ್ಲ. ಅವರು ತಂದದ್ದು ಕೆರೆಯದಲ್ಲ, ಪಟ್ಟಣದ ಚರಂಡಿ ಕೂಡುವ ಹಳ್ಳದ್ದು. ಮೇಲ್ಗಡೆ ಹಳೆ ಬ್ಯಾಟರಿ ಒಡೆಯುವ ಜಾಗವಿತ್ತು. ಅವರ ಹೊಲ ಎರೆಯೂ ಅಲ್ಲ, ಕೆಂಪು ಜಂಬಿಟ್ಟಿಗೆ ನೆಲ, ಸುಣ್ಣ ಕಡಿಮೆ, ಹುಳಿಯ ಕಡೆಗೆ ವಾಲಿದ್ದು. ಎರಡು ಗಾಡಿ ಬಿದ್ದಿದ್ದವು. ಗೊತ್ತಾದ ಮೇಲೆ ಎತ್ತಿಸಿದೆವು. ಆ ತುಂಡಿನಲ್ಲಿ ಮೆಂತ್ಯ, ಪಾಲಕ ಹಾಕಬೇಡಿರೆಂದೆ. ಸೊಪ್ಪಿಗೆ ಕ್ಯಾಡ್ಮಿಯಂ ಬೇಗ ಏರುತ್ತದೆ.

ಊರ ಕೆರೆಯ ಹೂಳಿಗೆ ಹೆದರಬೇಕಿಲ್ಲ. ಚರಂಡಿ, ಗ್ಯಾರೇಜು, ಕಾರ್ಖಾನೆಗಳ ಕೆಳಗಿನ ಹೂಳಾದರೆ ಟ್ರ್ಯಾಕ್ಟರ್ ಕಟ್ಟುವ ಮೊದಲೇ ಪರೀಕ್ಷೆ ಆಗಲಿ. ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಸತು, ತಾಮ್ರ ಇವೆ. ಸೀಸ, ಕ್ಯಾಡ್ಮಿಯಂ ಇಲ್ಲ. ಅವನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಹೊಲದ ರಸಸಾರ ಕಾರ್ಡಿನಲ್ಲೇ ಇರುತ್ತದೆ. ಕಾರ್ಡು ಕೈಯಲ್ಲಿಲ್ಲದಿದ್ದರೆ ಒಣ ಮಣ್ಣಿನ ಪುಡಿಗೆ ನಿಂಬೆರಸ ಹಿಂಡಿ ನೋಡಿ. ಸುಣ್ಣ ಚೆನ್ನಾಗಿದ್ದರೆ ಗುಳ್ಳೆ ಏಳುತ್ತದೆ. ಏಳದಿದ್ದರೆ ಹೂಳಿನ ವಿಷಯದಲ್ಲಿ ಅವಸರ ಮಾಡದೆ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿರಿ.