ಸೀಟಿಗೆ ಮೊದಲೇ ಶುಲ್ಕದ ಲೆಕ್ಕ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್ ಕಟ್ಟಿದ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ತೆಂಗು, ಅಡಿಕೆ, ರಾಗಿ ನಂಬಿದ ಈ ಸೀಮೆಗೆ ಎಂಜಿನಿಯರಿಂಗ್ ಓದಿನ ಆಸೆ ಹೊಸದೇನಲ್ಲ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜು 1963ರಿಂದ ಇದೆ, ಗುಬ್ಬಿಯಲ್ಲೇ ಚನ್ನಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ. ಊರ ಪಕ್ಕದಲ್ಲೇ ಹೆಲಿಕಾಪ್ಟರ್ ತಯಾರಾಗತೊಡಗಿದ ಮೇಲೆ ಆ ಆಸೆಗೆ ಕಣ್ಣೆದುರಿನ ಗುರಿಯೊಂದು ಸಿಕ್ಕಿದೆ. ಆದರೆ ‘ಮೊದಲು ಸೀಟು ಸಿಗಲಿ, ದುಡ್ಡಿನ ಮಾತು ಆಮೇಲೆ’ ಎಂದು ಅಪ್ಪ ಅಮ್ಮ ಧೈರ್ಯ ಹೇಳುವ ರೂಢಿ ಮಾತ್ರ ಮಕ್ಕಳಿಗೆ ದುಬಾರಿಯಾಗುತ್ತಿದೆ. ಸಿಇಟಿ ಸೀಟು ಹಂಚಿಕೆ ನಡೆಯುವ ಬಗೆಯನ್ನು ನೋಡಿದರೆ, ದುಡ್ಡಿನ ಲೆಕ್ಕ ಹಾಕಬೇಕಾದದ್ದು ಸೀಟು ಸಿಗುವುದಕ್ಕೆ ಮುಂಚೆಯೇ.

ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕ ಅರ್ಧ. ರ‍್ಯಾಂಕ್ ಬಂದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಕಾಲೇಜು ಮತ್ತು ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ನಮೂದಿಸಬೇಕು; ಇದೇ ಆಪ್ಷನ್ ಎಂಟ್ರಿ. ಕಂಪ್ಯೂಟರ್ ರ‍್ಯಾಂಕಿನ ಸರದಿಯಂತೆ ಒಬ್ಬೊಬ್ಬರ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡುತ್ತಾ, ಮೊದಲು ಯಾವುದು ಖಾಲಿ ಇದೆಯೋ ಅದನ್ನು ಕೊಡುತ್ತದೆ. ಹೀಗಾಗಿ, ಎಟುಕದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದೂ ಕೈತಪ್ಪುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಭಯ ಪಡಬೇಕಾದ ಸಂಗತಿ ಬೇರೆ ಇದೆ. ಒಂದು ಆಯ್ಕೆ ಸಿಕ್ಕಿತೆಂದರೆ ಆ ಸುತ್ತಿನಲ್ಲಿ ಅದರ ಕೆಳಗಿನವುಗಳನ್ನು ಕಂಪ್ಯೂಟರ್ ನೋಡುವುದೇ ಇಲ್ಲ. ಐದನೆಯದಾಗಿ ಬೆಂಗಳೂರಿನ ದುಬಾರಿ ಕಾಲೇಜನ್ನೂ ಆರನೆಯದಾಗಿ ಮನೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಕಾಲೇಜನ್ನೂ ಬರೆದ ಹುಡುಗನಿಗೆ ಐದನೆಯದು ಸಿಕ್ಕಿತೆನ್ನಿ. ಶುಲ್ಕ ನೋಡಿ ತಂದೆ ಕೈಚೆಲ್ಲಿದರೆ ಆ ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಕಾಯಬಹುದು, ನಿಜ. ಅಷ್ಟರಲ್ಲಿ ಆರನೆಯದು ಬೇರೆಯವರ ಪಾಲಾಗಿರಬಹುದು. ಬಿಟ್ಟ ಸೀಟಿನ ಮೇಲೂ ಹಕ್ಕು ಉಳಿಯುವುದಿಲ್ಲ. ಆದ್ದರಿಂದ ಕಟ್ಟಲಾಗದ ಶುಲ್ಕದ ಕಾಲೇಜು ಪಟ್ಟಿಯಲ್ಲಿ ಎಲ್ಲಿರಬೇಕು, ಇರಬೇಕೇ ಬೇಡವೇ ಎಂಬುದು ಆಪ್ಷನ್ ಎಂಟ್ರಿಗೆ ಕೂರುವ ಮೊದಲೇ ತೀರ್ಮಾನವಾಗಬೇಕು. ಸೈಬರ್ ಸೆಂಟರಿನಲ್ಲಿ ಸ್ನೇಹಿತನ ಪಟ್ಟಿಯನ್ನು ನಕಲು ಮಾಡುವ ಹೊತ್ತಿನಲ್ಲಿ ಅದು ಆಗುವ ಕೆಲಸವಲ್ಲ.

ಸೀಟು ಸಿಗುವ ಸಾಧ್ಯತೆಯನ್ನು ಅಂದಾಜು ಮಾಡಲು ಪ್ರಾಧಿಕಾರ ಪ್ರಕಟಿಸುವ ಹಿಂದಿನ ವರ್ಷಗಳ ಕಟ್ ಆಫ್ ರ‍್ಯಾಂಕ್ ಇದೆ, ಅಣಕು ಹಂಚಿಕೆಯೂ ಇದೆ. ಕಟ್ ಆಫ್ ಪ್ರತಿವರ್ಷ ಬದಲಾಗುತ್ತದಲ್ಲ ಎನ್ನುವವರಿದ್ದಾರೆ. ಬದಲಾಗುತ್ತದೆ, ಅದಕ್ಕೇ ಎರಡು ಮೂರು ವರ್ಷದ್ದನ್ನು ಒಟ್ಟಿಗಿಟ್ಟು ನೋಡಬೇಕು, ತಮ್ಮದೇ ಪ್ರವರ್ಗದ ಕಾಲಂ ನೋಡಬೇಕು. 2ಎಜಿ, 2ಎಆರ್, 2ಎಕೆ ಬೇರೆ ಬೇರೆ ಕಾಲಂಗಳು: ‘ಆರ್’ ಗ್ರಾಮೀಣ, ‘ಕೆ’ ಕನ್ನಡ ಮಾಧ್ಯಮ. ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5ರಷ್ಟು ಸೀಟುಗಳು ಮೀಸಲಿವೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹಾಗೆಯೇ ಓದಿರಬೇಕು. ಎಂಟನೇ ತರಗತಿಗೆ ಮಗುವನ್ನು ಹಳ್ಳಿ ಬಿಡಿಸಿ ತುಮಕೂರು ನಗರದ ಇಂಗ್ಲಿಷ್ ಶಾಲೆಗೆ ಸೇರಿಸಿದರೆ ಈ ಎರಡೂ ಕೈಬಿಟ್ಟುಹೋಗುತ್ತವೆ ಎಂಬುದನ್ನು ಪೋಷಕರಿಗೆ ಯಾರು ಹೇಳುತ್ತಾರೆ? ಇನ್ನು ಎಸ್‌ಎನ್‌ಕ್ಯು. ಅಂದರೆ ಸೂಪರ್ ನ್ಯೂಮರರಿ ಕೋಟಾ, ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದವರಿಗೆ ಈ ಸೀಟಿನಲ್ಲಿ ಬೋಧನಾ ಶುಲ್ಕವೇ ಇಲ್ಲ. ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಅರ್ಜಿ ತುಂಬುವಾಗಲೇ ಕೊಟ್ಟಿರಬೇಕು. ಸೀಟಿನ ಸಾಧ್ಯತೆಯೂ ದುಡ್ಡಿನ ನೆರವೂ ಇಲ್ಲಿ ಒಂದೇ ಕಾಗದದ ಮೇಲೆ ನಿಂತಿವೆ.

ಅಮೆರಿಕದಲ್ಲಿ 2011ರಿಂದ ಫೆಡರಲ್ ವಿದ್ಯಾರ್ಥಿ ನೆರವಿನ ವ್ಯವಸ್ಥೆಯಲ್ಲಿರುವ ಪ್ರತಿ ಕಾಲೇಜೂ, ನೆರವು ಕಳೆದು ಒಂದು ಕುಟುಂಬ ಕೈಯಿಂದ ಎಷ್ಟು ಕಟ್ಟಬೇಕಾದೀತು ಎಂದು ಲೆಕ್ಕ ಹಾಕಿ ತೋರಿಸುವ ವ್ಯವಸ್ಥೆಯನ್ನು ತನ್ನ ಜಾಲತಾಣದಲ್ಲಿ ಇಡಬೇಕೆಂಬ ಕಾನೂನಿದೆ. ನಮ್ಮಲ್ಲಿ ಆ ಲೆಕ್ಕ ಮನೆಯವರೇ ಹಾಕಬೇಕು. ಸರ್ಕಾರಿ, ಅನುದಾನಿತ, ಖಾಸಗಿ ಕಾಲೇಜುಗಳ ಶುಲ್ಕ ಬೇರೆ ಬೇರೆ. ಅದರ ಮೇಲೆ ಹಾಸ್ಟೆಲ್, ಊಟ, ಓಡಾಟ, ನಾಲ್ಕು ವರ್ಷಕ್ಕೆ. ಗುಬ್ಬಿಯಿಂದಲೋ ಕುಣಿಗಲ್‌ನಿಂದಲೋ ತುಮಕೂರಿಗೆ ಓಡಾಡುವ ಹುಡುಗಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಬಸ್ ಪ್ರಯಾಣ ಉಚಿತ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಯಡಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಬರುತ್ತದೆ. ಬೆಂಗಳೂರಿನ ಪಿಜಿ ಬಾಡಿಗೆಗೆ ಅದು ಯಾವ ಮೂಲೆಗೂ ಸಾಲದು, ಮನೆಯಿಂದ ದೂರವಿಲ್ಲದ ಊರಿನಲ್ಲಿ ಒಂದಿಷ್ಟು ಆಸರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಗಳಲ್ಲಿ ಮುಗಿಸಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ವರ್ಷಕ್ಕೆ 30,000 ರೂಪಾಯಿ. ಇವೆಲ್ಲ ಕಳೆದು ಉಳಿಯುವ ಮೊತ್ತವೇ ಕಾಲೇಜಿನ ನಿಜವಾದ ಬೆಲೆ.

ಹದಿನೇಳು ವರ್ಷದ ಮಗುವಿನ ಮುಂದೆ ದುಡ್ಡಿನ ಕಷ್ಟ ತೆರೆದಿಟ್ಟರೆ ಕನಸು ಕಮರುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಮಕ್ಕಳ ಮೇಲಿನ ಮಮತೆಯಿದೆ. ಆದರೆ ಆಪ್ಷನ್ ಎಂಟ್ರಿಯ ಹೊತ್ತಿನಲ್ಲಿ ಮುಚ್ಚಿಟ್ಟ ಲೆಕ್ಕ ಶುಲ್ಕ ಕಟ್ಟುವ ಕಡೆಯ ದಿನ ಹೊರಬಿದ್ದೇ ಬೀಳುತ್ತದೆ, ಆಗ ಮಗುವಿನ ಕೈಯಲ್ಲಿ ಬೇರೆ ದಾರಿ ಇರುವುದಿಲ್ಲ. ಅರ್ಹತೆಗೆ ಸೀಟು ಸಿಗಲೆಂದೇ ಸಿಇಟಿ ಬಂತಲ್ಲ, ದುಡ್ಡಿನ ವಿಚಾರ ಏಕೆ ಎಂದೂ ಕೇಳಬಹುದು. ಕ್ಯಾಪಿಟೇಷನ್ ಶುಲ್ಕದ ವಿರುದ್ಧ ರಾಜ್ಯ 1984ರಲ್ಲಿ ಕಾಯ್ದೆ ಮಾಡಿತು. ಸುಪ್ರೀಂ ಕೋರ್ಟಿನ 1993ರ ಉನ್ನಿಕೃಷ್ಣನ್ ತೀರ್ಪಿನ ಬೆನ್ನಿಗೆ, 1994ರಲ್ಲಿ ಸಿಇಟಿ ಶುರುವಾಯಿತು. ಇವು ದೇಣಿಗೆಯ ಕಾಟ ತಪ್ಪಿಸಲು ಬಂದವು, ವರ್ಷವರ್ಷದ ಶುಲ್ಕವನ್ನಲ್ಲ. ವಿದ್ಯಾರ್ಥಿವೇತನ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬ ದೂರು ಸರಿಯಾದದ್ದೇ. ಹಾಗಾಗಿ ಮೊದಲ ವರ್ಷದ ಶುಲ್ಕ ಕೈಯಲ್ಲಿರಬೇಕು. ವಿದ್ಯಾರ್ಥಿವೇತನವನ್ನು ಮುಂದಿನ ವರ್ಷಗಳ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಸಾಲವಿದೆಯಲ್ಲ ಎಂದರೆ, ದೇವರಾಜ ಅರಸು ನಿಗಮದ ಅರಿವು ಸಾಲ ಶೇ 2ರ ಬಡ್ಡಿಯದು. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಜಾಮೀನು ಕೇಳುವುದಿಲ್ಲ, ಆದರೆ ಅದು ಗುರುತಿಸಿದ ಸಂಸ್ಥೆಗಳಿಗೆ ಮಾತ್ರ. ಬಯಸುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು.

ಲೆಕ್ಕ ಹೊಂದದಿದ್ದರೆ ಮನೆಯ ಎಂಜಿನಿಯರಿಂಗ್ ಆಸೆ ಅಲ್ಲಿಗೇ ಮುಗಿಯುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ತಮ್ಮನೋ ತಂಗಿಯೋ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಎಚ್‌ಎಎಲ್‌ನಂಥ ಕಾರ್ಖಾನೆಗಳು ಐಟಿಐ, ಡಿಪ್ಲೊಮಾ ಓದಿದವರನ್ನೂ ಕೆಲಸಕ್ಕೆ ತೆಗೆದುಕೊಳ್ಳುತ್ತವೆ.

ಗುಬ್ಬಿ, ಕುಣಿಗಲ್, ತುಮಕೂರಿನ ಪಿಯು ಕಾಲೇಜುಗಳ ಪ್ರಾಂಶುಪಾಲರು ಆಪ್ಷನ್ ಎಂಟ್ರಿಗೆ ಮುಂಚೆ ಒಂದು ದಿನ ಪೋಷಕರನ್ನೂ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಈ ಲೆಕ್ಕ ಮಾಡಿಸಲಿ. ಪ್ರಥಮ ಪಿಯುಸಿಯಲ್ಲಿ ಮಕ್ಕಳಿರುವ ಮನೆಯವರು ಆದಾಯ ಮತ್ತು ಜಾತಿ ಪ್ರಮಾಣಪತ್ರ, ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರಗಳನ್ನು ಈ ವರ್ಷವೇ ಮಾಡಿಸಿಟ್ಟುಕೊಳ್ಳಲಿ.