ಚರ್ಚು ತವರಾಗುವುದು ಯಾವಾಗ?

ಗಂಗಾವತಿ ತಾಲ್ಲೂಕಿನಲ್ಲಿ, ಆನೆಗೊಂದಿ ಹಾಗೂ ಅಂಜನಾದ್ರಿ ಬೆಟ್ಟದ ಸಮೀಪದಲ್ಲಿರುವ ಹನುಮನಹಳ್ಳಿಯಂತಹ ಊರುಗಳಲ್ಲಿ ಹೊಸಬರ ಪರಿಚಯ ಎರಡು ಪ್ರಶ್ನೆಗಳಿಂದ ಆರಂಭವಾಗುವುದುಂಟು. ನಿಮ್ಮ ಮನೆದೇವರು ಯಾವುದು, ನೀವು ನಡೆದುಕೊಳ್ಳುವ ಮಠ ಯಾವುದು ಎಂಬುವೇ ಆ ಪ್ರಶ್ನೆಗಳು. ಕಥೋಲಿಕ ಕ್ರೈಸ್ತರ ನಡುವೆ ಇದೇ ಪ್ರಶ್ನೆ ಬೇರೊಂದು ರೂಪ ತಾಳುತ್ತದೆ: ನಿಮ್ಮ ಚರ್ಚು ಯಾವುದು? ಉತ್ತರವಾಗಿ ಬರುವುದು ಒಂದು ಕಟ್ಟಡದ ಹೆಸರೆಂದು ತೋರಿದರೂ ಕೇಳಿದವರಿಗೆ ಬೇಕಾಗಿರುವುದು ಅದಲ್ಲ. ಈ ವ್ಯಕ್ತಿಗೆ ಹೆಸರಿಟ್ಟವರು ಯಾರು, ಮದುವೆಗೆ ಸಾಕ್ಷಿಯಾಗುವವರು ಯಾರು, ಸತ್ತಾಗ ಹೆಗಲು ಕೊಡುವವರು ಯಾರು ಎಂಬುದನ್ನು ಆ ಪ್ರಶ್ನೆ ಅರಸುತ್ತದೆ.

ಕಥೋಲಿಕ ಧರ್ಮಸಭೆಯ ಈ ಸ್ಥಳೀಯ ಘಟಕವನ್ನು ಕನ್ನಡದಲ್ಲಿ ಧರ್ಮಕೇಂದ್ರ ಎಂದು ಕರೆಯುವುದು ರೂಢಿ. ಜಗತ್ತಿನ ಎಲ್ಲೆಡೆ ಅದರ ಚೌಕಟ್ಟು ಒಂದೇ. ಆದರೂ ಕೆಲವು ಧರ್ಮಕೇಂದ್ರಗಳು ಜನರಿಗೆ ತವರಿನಂತೆ ಅನಿಸುತ್ತವೆ. ಇನ್ನು ಕೆಲವು ಭಾನುವಾರ ಹೋಗಿಬರುವ ಕಚೇರಿಯಂತೆ ಉಳಿದುಬಿಡುತ್ತವೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಕಟ್ಟಡಕ್ಕಿಂತ ಮೊದಲು ಸಮುದಾಯ

ಧರ್ಮಕೇಂದ್ರಕ್ಕೆ ಇಂಗ್ಲಿಷಿನಲ್ಲಿ ಬಳಸುವ ‘ಪ್ಯಾರಿಷ್’ ಎಂಬ ಪದದ ಮೂಲ ಗ್ರೀಕ್ ಭಾಷೆಯ ‘ಪರೋಯ್ಕಿಯಾ’. ಪರಸ್ಥಳದಲ್ಲಿ ನೆಲೆಸಿದವರ ವಾಸ ಎಂಬುದು ಅದರ ಅರ್ಥ. ಈ ಲೋಕದಲ್ಲಿ ತಾವು ತಂಗಲು ಬಂದವರು ಎಂದು ಭಾವಿಸಿದ ಆದಿ ಕ್ರೈಸ್ತರು ತಮ್ಮ ಕೂಟಗಳಿಗೆ ಈ ಹೆಸರನ್ನು ಇಟ್ಟುಕೊಂಡರು. ಮನೆಯಿಲ್ಲದವರು ಒಟ್ಟಾಗಿ ಕಟ್ಟಿಕೊಂಡ ಮನೆ ಎಂಬ ಭಾವ ಪದದ ಹುಟ್ಟಿನಲ್ಲಿಯೇ ಇದೆ.

1983ರಲ್ಲಿ ಜಾರಿಗೆ ಬಂದ ಧರ್ಮಸಭೆಯ ಕಾನೂನು ಸಂಹಿತೆಯ 515ನೇ ವಿಧಿಯೂ ಇದನ್ನೇ ಹೇಳುತ್ತದೆ. ಅದರ ಪ್ರಕಾರ ಧರ್ಮಕೇಂದ್ರವೆಂದರೆ ವಿಶ್ವಾಸಿಗಳ ಒಂದು ನಿರ್ದಿಷ್ಟ ಹಾಗೂ ಸ್ಥಿರವಾದ ಸಮುದಾಯ. ಅದರ ಪಾಲನೆಯನ್ನು ಧರ್ಮಾಧ್ಯಕ್ಷರ ಅಧೀನದಲ್ಲಿ ಒಬ್ಬ ಗುರುವಿಗೆ ಒಪ್ಪಿಸಲಾಗಿರುತ್ತದೆ. ಸಾಮಾನ್ಯವಾಗಿ ಅದಕ್ಕೆ ಭೌಗೋಳಿಕ ಗಡಿ ಇರುತ್ತದೆ. ಆ ಗಡಿಯೊಳಗೆ ವಾಸಿಸುವ ಕಥೋಲಿಕರೆಲ್ಲರೂ, ಬಡವ ಬಲ್ಲಿದರೆನ್ನದೆ, ಅದಕ್ಕೆ ಸೇರಿದವರು. ಇಷ್ಟಪಟ್ಟವರು ಮಾತ್ರ ಸೇರುವ ಸಂಘಕ್ಕೂ ಇದಕ್ಕೂ ಇರುವ ಭೇದ ಇದೇ. ಮನೆಯಲ್ಲಿ ಹುಟ್ಟಿದವರು ಒಡಹುಟ್ಟಿದವರನ್ನು ಆರಿಸಿಕೊಳ್ಳಲಾರರು, ಇಲ್ಲಿಯೂ ಹಾಗೆಯೇ.

ಕಟ್ಟಡವೇ ಧರ್ಮಕೇಂದ್ರವಲ್ಲ ಎಂಬುದಕ್ಕೆ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಸಾಕ್ಷಿ. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ ಅಲ್ಲಿನ ಚರ್ಚು ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಲುಕಿತು. ಇಂದು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮತ್ತೆ ಕಾಣಿಸಿಕೊಳ್ಳುವ ಆ ಗೋಡೆಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಆದರೆ ಅಲ್ಲಿ ಪ್ರಾರ್ಥಿಸುತ್ತಿದ್ದ ಜನ ಬೇರೆಡೆ ಪುನರ್ವಸತಿ ಪಡೆದು ಬದುಕು ಕಟ್ಟಿಕೊಂಡರು. ಕಮಾನುಗಳು ಉಳಿದ ಜಾಗದಲ್ಲಿ ಸಮುದಾಯವಿಲ್ಲ. ತುಂಗಭದ್ರಾ ಅಣೆಕಟ್ಟಿಗಾಗಿ ಊರು ಬಿಟ್ಟವರ ಕುಟುಂಬಗಳಿರುವ ಕೊಪ್ಪಳ, ಬಳ್ಳಾರಿ ಸೀಮೆಯ ಜನರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರಾವಳಿಯ ಚರಿತ್ರೆಯೂ ಇದನ್ನೇ ಸಾರುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಮಂಗಳೂರು ಸೀಮೆಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ಯಲಾಯಿತು. ಅವರ ಇಗರ್ಜಿಗಳು ನೆಲಸಮವಾದವು. 1799ರ ಬಳಿಕ ಬದುಕುಳಿದವರು ಮರಳಿ ಬಂದರು. ಹೊಲಮನೆಗಳನ್ನು ಕಳೆದುಕೊಂಡಿದ್ದ ಅವರು ತಮ್ಮ ಇಗರ್ಜಿಗಳನ್ನೂ ಮತ್ತೆ ಎಬ್ಬಿಸಿ ನಿಲ್ಲಿಸಿದರು.

ಎಡೆದೊರೆ ನಾಡಿನ ಹಳೆಯ ನೆಲೆ

ಕಥೋಲಿಕ ಸಮುದಾಯವೆಂದರೆ ಮಂಗಳೂರು, ಗೋವಾ ಅಥವಾ ಬೆಂಗಳೂರು ಎಂಬ ಭಾವನೆ ಸಾಮಾನ್ಯ. ಆದರೆ ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿನಲ್ಲಿಯೇ, ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ, ಅತ್ಯಂತ ಹಳೆಯ ಕಥೋಲಿಕ ನೆಲೆಯೊಂದಿದೆ. 20ನೇ ಶತಮಾನದ ಆರಂಭದಲ್ಲಿ ಪ್ರಕಟವಾದ ಇಂಪೀರಿಯಲ್ ಗೆಜೆಟಿಯರ್, ಮುದಗಲ್ಲಿನ ಚರ್ಚು 1557ಕ್ಕೂ ಮೊದಲು ಕಟ್ಟಲ್ಪಟ್ಟಿತೆಂದು ದಾಖಲಿಸಿದೆ. ಗೋವೆಯಿಂದ ಬಂದ ಮಿಷನರಿಗಳ ಮೂಲಕ ಇಲ್ಲಿನವರು ಕ್ರೈಸ್ತರಾದರೆಂದೂ, ಬಿಜಾಪುರದ ಸುಲ್ತಾನರು ಈ ಸಮುದಾಯಕ್ಕೆ ಉದಾರವಾಗಿ ದತ್ತಿಗಳನ್ನು ನೀಡಿದರೆಂದೂ, ಆ ದತ್ತಿಗಳನ್ನು ಮುಂದೆ ಔರಂಗಜೇಬನು ಸ್ಥಿರಪಡಿಸಿದನೆಂದೂ ಅದೇ ಗೆಜೆಟಿಯರ್ ಹೇಳುತ್ತದೆ.

1565ರ ತಾಳಿಕೋಟೆ ಯುದ್ಧದಿಂದ ಹಿಡಿದು ನಿಜಾಮರ ಆಳ್ವಿಕೆಯವರೆಗೆ ಎಷ್ಟೋ ಪ್ರಭುತ್ವಗಳು ಈ ನೆಲದ ಮೇಲೆ ಬಂದುಹೋದವು. ಅವುಗಳ ನಡುವೆಯೂ ಈ ಸಣ್ಣ ಸಮುದಾಯ ಉಳಿದುಬಂದಿತು. ಮೊಹರಂ ಆಚರಣೆಗೆ ಹೆಸರಾದ ಊರಿನಲ್ಲಿ, ಹಿಂದೂ ಮುಸ್ಲಿಂ ನೆರೆಹೊರೆಯ ಮಧ್ಯೆ ಅದು ಬಾಳಿ ಬಂದಿದೆ. ಧರ್ಮಕೇಂದ್ರವೊಂದು ಊರಿನ ಹೊರಗಿನ ನಡುಗಡ್ಡೆಯಾಗದೆ ಊರಿನದೇ ಒಂದು ಓಣಿಯಾದಾಗ ಮಾತ್ರ ಇಂತಹ ಬಾಳಿಕೆ ಸಾಧ್ಯ ಎನ್ನಬಹುದು.

ಇಂದು ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳು 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರುತ್ತವೆ. ಕಲಬುರಗಿಗೆ 2005ರಲ್ಲಿ ಪ್ರತ್ಯೇಕ ಧರ್ಮಕ್ಷೇತ್ರ ರಚನೆಯಾಯಿತು.

ದಫ್ತರದಲ್ಲಿ ಉಳಿಯುವ ಹೆಸರು

ತವರು ಎಂಬ ಮಾತು ಇಲ್ಲಿ ಬರಿಯ ಉಪಮೆಯಲ್ಲ. ಪ್ರತಿ ಧರ್ಮಕೇಂದ್ರದಲ್ಲಿಯೂ ದೀಕ್ಷಾಸ್ನಾನ, ಮದುವೆ ಹಾಗೂ ಮರಣದ ದಫ್ತರಗಳಿರಬೇಕೆಂದು ಸಂಹಿತೆಯ 535ನೇ ವಿಧಿ ವಿಧಿಸುತ್ತದೆ. ದೀಕ್ಷಾಸ್ನಾನ ಮತ್ತು ಮದುವೆಯ ದಫ್ತರಗಳನ್ನು ಕಡ್ಡಾಯಗೊಳಿಸಿದ್ದು 1545ರಿಂದ 1563ರವರೆಗೆ ನಡೆದ ಟ್ರೆಂಟ್ ಮಹಾಸಭೆ.

ದೀಕ್ಷಾಸ್ನಾನದ ದಫ್ತರಕ್ಕೆ ಒಂದು ವೈಶಿಷ್ಟ್ಯವಿದೆ. ವ್ಯಕ್ತಿಯ ದೃಢೀಕರಣ ಸಂಸ್ಕಾರ, ಮದುವೆ, ಗುರುದೀಕ್ಷೆ ಎಲ್ಲಿಯೇ ನಡೆದರೂ ಅದರ ಸುದ್ದಿ ದೀಕ್ಷಾಸ್ನಾನ ಪಡೆದ ಧರ್ಮಕೇಂದ್ರಕ್ಕೆ ಮರಳಿ ಬರಬೇಕು. ಅಲ್ಲಿನ ಹೆಸರಿನ ಎದುರು ಅದನ್ನು ಬರೆಯಬೇಕು. ರಾಯಚೂರು ಸೀಮೆಯಲ್ಲಿ ದೀಕ್ಷಾಸ್ನಾನ ಪಡೆದ ಹೆಣ್ಣುಮಗಳು ಬೆಂಗಳೂರಿನಲ್ಲಿ ಮದುವೆಯಾದರೆ, ಆ ಮದುವೆಯ ಸಾಲು ಊರಿನ ದಫ್ತರದಲ್ಲಿಯೂ ಸೇರುತ್ತದೆ. ಮಗಳು ಎಲ್ಲಿಗೆ ಹೋದರೂ ಅವಳ ಬದುಕಿನ ಮುಖ್ಯ ಸುದ್ದಿಗಳು ತವರಿಗೆ ತಲುಪುವ ವ್ಯವಸ್ಥೆಯಿದು. ದುಡಿಮೆಗಾಗಿ ಗುಳೆ ಹೋಗುವವರು ಹೆಚ್ಚಿರುವ ಈ ಭಾಗದಲ್ಲಿ ಇದರ ಬೆಲೆ ಸಣ್ಣದಲ್ಲ. ಹೊಸ ಊರಿನಲ್ಲಿ ಮದುವೆಯಾಗಲು ಬೇಕಾಗುವ ಪ್ರಮಾಣಪತ್ರ ಇಲ್ಲಿಂದಲೇ ಹೋಗಬೇಕು.

ಮರಣದ ವಿಷಯವೂ ಇಂತಹುದೇ. 1177ನೇ ವಿಧಿಯ ಪ್ರಕಾರ ಅಂತ್ಯಸಂಸ್ಕಾರದ ವಿಧಿ ಸಾಮಾನ್ಯವಾಗಿ ಮೃತರ ಸ್ವಂತ ಧರ್ಮಕೇಂದ್ರದಲ್ಲಿ ನಡೆಯಬೇಕು. ಅಲ್ಪಸಂಖ್ಯೆಯ ಸಮುದಾಯಕ್ಕೆ ಮಣ್ಣು ಸಿಗುವ ಜಾಗವೇ ನೆಮ್ಮದಿಯ ಮೊದಲ ಆಧಾರ. ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಸಮಾಧಿಗಳ ಮೇಲೆ ಹೂವಿರಿಸಿ ಮೇಣದಬತ್ತಿ ಹಚ್ಚುವ ಕುಟುಂಬಗಳಿಗೆ ಆ ನೆಲವೂ ಧರ್ಮಕೇಂದ್ರದ ಭಾಗವೇ.

ತಾಯ್ನುಡಿಯ ಪ್ರಾರ್ಥನೆ

ಅರ್ಥವಾಗದ ಮಾತಿನ ಮನೆ ಮನೆಯೆನಿಸುವುದು ಕಷ್ಟ. ಶತಮಾನಗಳ ಕಾಲ ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯಿತು. ಜನ ತಮ್ಮ ಪಾಡಿಗೆ ಜಪಸರ ಎಣಿಸುತ್ತಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ವಿಧಿಯ ಸಂವಿಧಾನವು ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಆ ಬಳಿಕ ಕನ್ನಡವೂ ಬಲಿಪೀಠದ ಭಾಷೆಯಾಯಿತು.

ಭಾಷೆಯ ಹಿಂದೆಯೇ ನಡೆನುಡಿಯ ಪ್ರಶ್ನೆ ಬಂದಿತು. 1967ರಲ್ಲಿ ಬೆಂಗಳೂರಿನಲ್ಲಿ ಫಾದರ್ ಡಿ.ಎಸ್. ಅಮಲೋರ್‌ಪವದಾಸ್ ಅವರ ನೇತೃತ್ವದಲ್ಲಿ ಆರಂಭವಾದ ರಾಷ್ಟ್ರೀಯ ಕೇಂದ್ರವು ಭಾರತೀಯ ಆರಾಧನಾ ಪದ್ಧತಿಯ ಪ್ರಯೋಗಗಳಿಗೆ ಹೆಸರಾಯಿತು. 1969ರ ಏಪ್ರಿಲ್‌ನಲ್ಲಿ ರೋಮ್ ಭಾರತಕ್ಕಾಗಿ 12 ಅಂಶಗಳ ಹೊಂದಾಣಿಕೆಗೆ ಒಪ್ಪಿಗೆ ನೀಡಿತು. ನೆಲದ ಮೇಲೆ ಕುಳಿತು ಪೂಜೆಯಲ್ಲಿ ಭಾಗವಹಿಸುವುದು, ಪಾದರಕ್ಷೆ ಕಳಚುವುದು, ಮೊಣಕಾಲೂರುವ ಬದಲು ಕೈಮುಗಿದು ಬಾಗುವುದು, ಮೇಣದಬತ್ತಿಯ ಬದಲು ಎಣ್ಣೆಯ ದೀಪ, ಆರತಿ ಎತ್ತುವುದು ಇವುಗಳಲ್ಲಿ ಸೇರಿದ್ದವು. ಇದು ಹಿಂದೂ ಪದ್ಧತಿಯ ಅನುಕರಣೆ ಎಂದು ಕೆಲವು ಕಥೋಲಿಕರೇ ಆಗ ಆಕ್ಷೇಪಿಸಿದರು. ಆದರೆ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಬರುವುದನ್ನು ಬಾಲ್ಯದಿಂದಲೇ ಕಲಿತ ಹಳ್ಳಿಗರಿಗೆ ದೇವರ ಮನೆಯಲ್ಲಿಯೂ ಹಾಗೆ ನಡೆದುಕೊಳ್ಳುವುದು ವಿಚಿತ್ರವೆನಿಸಬೇಕಾಗಿಲ್ಲ.

ಬಾಗಿಲಿಗೆ ಬರುವ ಗುರು

ಸಂಹಿತೆಯ 529ನೇ ವಿಧಿ ಧರ್ಮಕೇಂದ್ರದ ಗುರುವಿನ ಕೆಲಸವನ್ನು ವಿವರಿಸುತ್ತದೆ. ತನಗೆ ಒಪ್ಪಿಸಲಾದ ಜನರನ್ನು ಅವರು ಅರಿಯಲು ಯತ್ನಿಸಬೇಕು, ಮನೆಗಳಿಗೆ ಭೇಟಿ ನೀಡಬೇಕು, ಅವರ ಚಿಂತೆ ಹಾಗೂ ಸಾವುನೋವುಗಳಲ್ಲಿ ಪಾಲುಗೊಳ್ಳಬೇಕು, ರೋಗಿಗಳನ್ನೂ ಬಡವರನ್ನೂ ಒಂಟಿಯಾದವರನ್ನೂ ನೆಲೆ ತಪ್ಪಿದವರನ್ನೂ ವಿಶೇಷವಾಗಿ ನೋಡಿಕೊಳ್ಳಬೇಕು ಎಂಬುದು ಅದರ ಸಾರ.

ಆದರೆ ಗುರುಗಳು ಕೆಲವು ವರ್ಷಗಳಿಗೊಮ್ಮೆ ವರ್ಗವಾಗುತ್ತಾರೆ. ಹೊಸಬರು ಬರುವವರೆಗೆ ಮನೆಮನೆಯ ಕಥೆಯನ್ನು ನೆನಪಿಟ್ಟುಕೊಳ್ಳುವವರು ಉಪದೇಶಿಗಳು, ಸಿಸ್ಟರುಗಳು ಮತ್ತು ಹಿರಿಯ ಗೃಹಸ್ಥರು. ಕರಾವಳಿಯ ಧರ್ಮಕೇಂದ್ರಗಳಲ್ಲಿ ಮನೆಗಳನ್ನು ವಾಳೆಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಗುರಿಕಾರರನ್ನು ನೇಮಿಸುವ ಪದ್ಧತಿಯಿದೆ. ಇಂತಹ ಕಿರು ಸಮುದಾಯವಿರುವಲ್ಲಿ ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಮಗು ಶಾಲೆ ಬಿಟ್ಟಿದೆ ಎಂಬುದು ತಡವಾಗದೆ ತಿಳಿಯುತ್ತದೆ.

ಆಡಳಿತದಲ್ಲಿ ಗೃಹಸ್ಥರ ಪಾಲೂ ಮುಖ್ಯ. ಹಣಕಾಸು ಸಮಿತಿಯನ್ನು 537ನೇ ವಿಧಿ ಕಡ್ಡಾಯಗೊಳಿಸಿದೆ. 536ನೇ ವಿಧಿಯ ಪಾಲನಾ ಸಮಿತಿಗೆ ಸಲಹೆ ನೀಡುವ ಅಧಿಕಾರ ಮಾತ್ರ ಇದೆ. ಸಲಹೆ ಕೇಳುವ ಗುರುವಿದ್ದಲ್ಲಿ ಆ ಸಮಿತಿಗೆ ಜೀವವಿರುತ್ತದೆ. ಇಲ್ಲದಿದ್ದರೆ ಅದು ಸಹಿ ಹಾಕುವ ಸಭೆಯಾಗುತ್ತದೆ.

ಮನೆಯಾಗದಿರಲು ಕಾರಣಗಳು

ಎಲ್ಲರಿಗೂ ಈ ಮನೆ ಸಮನಾಗಿ ತೆರೆದಿಲ್ಲ ಎಂಬುದನ್ನು ಮರೆಮಾಚುವಂತಿಲ್ಲ. ಮತ ಬದಲಾದರೂ ಜಾತಿ ಹಿಂಬಾಲಿಸಿ ಬಂದಿತು. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶವು ಆರಂಭದಲ್ಲಿ ಹಿಂದೂಗಳಿಗಷ್ಟೇ ಪರಿಶಿಷ್ಟ ಜಾತಿಯ ಸ್ಥಾನ ನೀಡಿತು; 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡಿತು. ದಲಿತ ಕ್ರೈಸ್ತರು ಹೊರಗೆ ಉಳಿದರು. ಹೊರಗೆ ಸರಕಾರದ ಸೌಲಭ್ಯವಿಲ್ಲ. ಒಳಗೂ ಸಮಾನತೆ ಸಿಗದಿದ್ದರೆ ಅವರಿಗೆ ಎರಡು ಕಡೆಯಿಂದಲೂ ನಷ್ಟ. ಧರ್ಮಸಭೆಯೊಳಗೆ ಜಾತಿ ಭೇದ ಇನ್ನೂ ಉಳಿದಿದೆ ಎಂಬುದನ್ನು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ ಸ್ವತಃ ಒಪ್ಪಿಕೊಂಡಿತು.

ಹಣದ ವಿಷಯ ಇನ್ನೊಂದು. ಸಂಸ್ಕಾರಗಳಿಗೆ ನಿಗದಿಯಾದ ಕಾಣಿಕೆಗಿಂತ ಹೆಚ್ಚನ್ನು ಕೇಳಬಾರದು, ಬಡತನದ ಕಾರಣ ಯಾರೂ ಅವುಗಳಿಂದ ವಂಚಿತರಾಗಬಾರದು ಎಂದು 848ನೇ ವಿಧಿ ಹೇಳುತ್ತದೆ. ಆರಾಧನೆಯ ವೇಳೆ ದೇವಾಲಯದ ಪ್ರವೇಶ ಮುಕ್ತವೂ ಉಚಿತವೂ ಆಗಿರಬೇಕೆಂಬುದು 1221ನೇ ವಿಧಿ. ನಿಯಮಗಳು ಸ್ಪಷ್ಟವಾಗಿವೆ. ಆದರೂ ಹಬ್ಬದ ವಂತಿಗೆ ಕೊಡಲಾಗದ ಮನೆಯವರು ನಾಚಿ ಹಿಂದಿನ ಸಾಲಿಗೆ ಸರಿದರೆ, ಕ್ರಮೇಣ ಬರುವುದನ್ನೇ ಬಿಟ್ಟರೆ, ಯಾವ ನಿಯಮವೂ ಅವರನ್ನು ಕರೆತರಲಾರದು.

ದೂರದ ಹಳ್ಳಿಯ ಕುಟುಂಬ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಸೀಮೆಯ ಹಳ್ಳಿಯೊಂದರಲ್ಲಿ ಒಂಟಿಯಾಗಿರುವ ಕಥೋಲಿಕ ಕುಟುಂಬಕ್ಕೆ ಬಲಿಪೂಜೆಗೆ ಹೋಗುವುದೆಂದರೆ ಬಸ್ಸಿನ ವೇಳೆ, ಚಾರ್ಜು, ಒಂದು ದಿನದ ಕೂಲಿ ಎಲ್ಲವನ್ನೂ ಲೆಕ್ಕ ಹಾಕುವ ಕೆಲಸ. ಗುರುವಿಲ್ಲದೆ ಬಲಿಪೂಜೆ ಸಾಧ್ಯವಾಗದಿದ್ದಾಗ ದೇವರ ವಾಕ್ಯದ ಆರಾಧನೆಯಲ್ಲಿ ಭಾಗವಹಿಸಬೇಕೆಂದು, ಇಲ್ಲವೇ ಮನೆಯವರು ಕೂಡಿ ಪ್ರಾರ್ಥಿಸಬೇಕೆಂದು 1248ನೇ ವಿಧಿ ಸೂಚಿಸುತ್ತದೆ. ಮನೆಯ ಗೋಡೆಯ ಶಿಲುಬೆ, ಸಂಜೆಯ ಜಪಸರ, ಆಗೀಗ ಬಂದುಹೋಗುವ ಉಪದೇಶಿ ಇವೇ ಇಂತಹ ಕುಟುಂಬವನ್ನು ಧರ್ಮಕೇಂದ್ರಕ್ಕೆ ಕಟ್ಟಿಹಾಕುವ ಎಳೆಗಳು.

ಈ ಎಳೆಗಳ ಮಹತ್ವ ಎಲ್ಲರಿಗೂ ತಿಳಿದದ್ದು 2020ರಲ್ಲಿ. ಕೊರೊನಾ ಲಾಕ್‌ಡೌನ್‌ನಿಂದಾಗಿ ಏಪ್ರಿಲ್ 12ರ ಪಾಸ್ಕ ಹಬ್ಬದ ದಿನ ಚರ್ಚುಗಳು ಜನರಿಲ್ಲದೆ ನಿಂತಿದ್ದವು. ನಗರಗಳ ಮನೆಗಳಿಗೆ ಬಲಿಪೂಜೆ ಮೊಬೈಲಿನ ಪರದೆಯ ಮೇಲೆ ಬಂದಿತು. ವಿಶ್ವದ ಯಾವ ಮೂಲೆಯ ಪೂಜೆಯನ್ನಾದರೂ ನೋಡಬಹುದಾಗಿತ್ತು. ಆದರೆ ಮನೆಯಲ್ಲಿ ಅಕ್ಕಿ ಇದೆಯೇ ಎಂದು ಪರದೆ ಕೇಳುವುದಿಲ್ಲ, ಕೇಳಬೇಕಾದವರು ಓಣಿಯವರೇ.

ಧರ್ಮಕೇಂದ್ರ ಹಳತಾದ ಸಂಸ್ಥೆಯಲ್ಲ, ಅದಕ್ಕೆ ಬಾಗುವ ಗುಣವಿದೆ ಎಂದು ಪೋಪ್ ಫ್ರಾನ್ಸಿಸ್ 2013ರ ತಮ್ಮ ಪ್ರೇರಣಾ ಪತ್ರದಲ್ಲಿ ಬರೆದಿದ್ದರು. ಜನರಿಂದ ದೂರ ಸರಿದು ಕೆಲವೇ ಮಂದಿಯ ಕೂಟವಾಗುವ ಅಪಾಯವನ್ನೂ ಅಲ್ಲಿಯೇ ಎಚ್ಚರಿಸಿದ್ದರು. ಗೋಪುರದ ಎತ್ತರದಿಂದಾಗಲಿ ಹಬ್ಬದ ದಿನದ ಜನಸಂದಣಿಯಿಂದಾಗಲಿ ಇದನ್ನು ಅಳೆಯಲಾಗದು. ಎರಡು ಭಾನುವಾರ ಕಾಣಿಸದಿದ್ದ ಒಬ್ಬ ಮುದುಕಿಯ ಬಾಗಿಲಿಗೆ ಮೂರನೇ ಭಾನುವಾರದೊಳಗೆ ಯಾರಾದರೂ ಹೋಗಿ ವಿಚಾರಿಸುತ್ತಾರೆಯೇ ಎಂಬುದು ಹೆಚ್ಚು ನಂಬತಕ್ಕ ಅಳತೆ.